ಸುರಗಿ ನೀರು ಚೆಲ್ಲಿದ ರಾಡಿ ಮಾಸ್ತರು

ಅವರ ಮೂಗಿನೊಳಗೆ ಒಂದು ತೂತಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ, ಜೋಳದ ಕಾಳಿನಷ್ಟು. ಮನಸ್ಸು ಹಗುರಾಗಿದ್ದ ದಿನ ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ಮದ್ದಿನ ತುದಿ ಮುರಿದು, ಬಲ ಹೊಳ್ಳೆಯಲ್ಲಿ ತೂರಿಸಿ ಎಡ ಹೊಳ್ಳೆಯಿಂದ ಹೊರಗೆಳೆಯುತ್ತಿದ್ದರು. ಕೆಲಸದವರೆಲ್ಲ ಹೋ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೇಗಾಯಿತು ಎಂದು ಕೇಳಿದರೆ, "ಮೂವತ್ತು ವರ್ಷ ಮಾಲು ಮೂಸೀನಿ ತಮ್ಮಾ, ಸವದೈತಿ," ಎನ್ನುತ್ತಿದ್ದರು. ಅಷ್ಟೇ ಉತ್ತರ.

ಕಳೆದ ವಾರ ಅವರು ಮಸ್ಕಿಯಲ್ಲಿ ತೀರಿಕೊಂಡರು. ನಾನು ಈಗ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಸ್ಟೋರು ನೋಡಿಕೊಂಡಿದ್ದೇನೆ. ಅವರ ಅಣ್ಣನ ಮಗ ಬೆಳಿಗ್ಗೆ ಫೋನ್ ಮಾಡಿದಾಗ ಚೀಲಗಳ ಪಟ್ಟಿ ಬರೆಯುತ್ತಿದ್ದೆ. ಬರೆಯುವುದನ್ನು ನಿಲ್ಲಿಸಲಿಲ್ಲ, ಪಟ್ಟಿ ಮುಗಿಸಿಯೇ ಎದ್ದೆ. ನನ್ನ ಸ್ವಭಾವ ಎಂಥದೆಂದು ಓದುವವರಿಗೆ ಮೊದಲೇ ತಿಳಿದಿರಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಅವರ ಹೆಸರು ಇಲ್ಲಿ ಬೇಡ. ಕ್ಯಾಂಪಿನಲ್ಲಿ ಎಲ್ಲರೂ ರಾಡಿ ಮಾಸ್ತರು ಎಂದೇ ಕರೆಯುತ್ತಿದ್ದೆವು. ಆ ಕ್ಯಾಂಪು ಇದ್ದದ್ದು ಲಿಂಗಸುಗೂರಿಗೂ ಮಸ್ಕಿಗೂ ನಡುವಿನ ಕಲ್ಲುನೆಲದಲ್ಲಿ. ಹಟ್ಟಿಯಲ್ಲಿ ಬಂಗಾರ ಸಿಕ್ಕ ಮೇಲೆ ಇಲ್ಲೂ ಯಾಕೆ ಸಿಗಬಾರದು ಎಂದು ಗುತ್ತಿಗೆದಾರರೊಬ್ಬರು ಅಲ್ಲಲ್ಲಿ ನೆಲ ಕೊರೆಸಿ, ಉದ್ದುದ್ದ ಕಲ್ಲಿನ ಕಡ್ಡಿಗಳನ್ನು ತೆಗೆಸಿ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದರು. ನಾನು ಅಲ್ಲಿ ಸ್ಟೋರ್‌ಕೀಪರು. ಮಾಸ್ತರು ಗೋದಾವರಿ ಕಡೆಯ ಎಣ್ಣೆ ಬಾವಿಗಳಲ್ಲಿ ಮೂವತ್ತು ವರ್ಷ ರಾಡಿ ಕಲೆಸಿ, ನಿವೃತ್ತಿಯಾಗಿ ತಮ್ಮೂರ ಕಡೆ ಬಂದವರು.

ರಾಡಿ ಎಂದರೆ ನಗಬೇಡಿ. ಕೊರೆಯುವಾಗ ಬರೀ ನೀರು ಬಿಟ್ಟರೆ ತೂತಿನ ಗೋಡೆ ಕುಸಿಯುತ್ತದೆ, ಕೊರೆದ ಪುಡಿ ಮೇಲೆ ಬರುವುದಿಲ್ಲ. ಅದಕ್ಕೆ ಜೇಡಿಮಣ್ಣಿನ ಪುಡಿ, ಸೋಡಾ, ಕಾಸ್ಟಿಕ್, ಗೋಂದಿನಂತೆ ಹಿಡಿಯುವ ಇನ್ನೊಂದು ಪುಡಿ ಎಲ್ಲ ಕಲೆಸಿ ಪಂಪಿನಿಂದ ಕೆಳಗಿಳಿಸುತ್ತಾರೆ. ಯಂತ್ರಕ್ಕೆ ಅದೇ ರಕ್ತ. ನಮ್ಮ ಭಾಗದ ನೀರೋ ಸವಳು. ಅದಕ್ಕೆ ಮಣ್ಣು ಸುರಿದರೆ ಉಬ್ಬುವುದೇ ಇಲ್ಲ, ತಳದಲ್ಲಿ ಮೊಸರಿನ ಹಾಗೆ ಒಡೆದು ಕೂರುತ್ತದೆ. "ಮೊದಲ ಸೋಡಾ ಹಾಕಿ ನೀರು ಮೆತ್ತಗ ಮಾಡ್ರಿ, ಆಮ್ಯಾಲೆ ಮಣ್ಣು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹದ ನೋಡಲು ಅಳತೆಯ ಲಾಳಿಕೆಯೂ, ಅದರಿಂದ ರಾಡಿ ಸೋರುವ ಹೊತ್ತು ಎಣಿಸಲು ಗಡಿಯಾರವೂ ನನ್ನ ಸ್ಟೋರಿನಲ್ಲಿದ್ದವು. ಅವರು ಹೆಬ್ಬೆರಳು ತೋರುಬೆರಳ ನಡುವೆ ರಾಡಿ ತಿಕ್ಕಿ, ಕಣ್ಣು ಮುಚ್ಚಿ, "ಅಂಬಲಿ ಹದಕ್ಕ ಬಂತು, ಬಿಡ್ರಿ," ಎನ್ನುತ್ತಿದ್ದರು. ಆಮೇಲೆ ಲಾಳಿಕೆ ಹಿಡಿದು ನೋಡಿದರೆ ಸರಿಯಾಗಿಯೇ ಇರುತ್ತಿತ್ತು. ಇದರಿಂದ ನನಗೆ ಒಳಗೊಳಗೇ ಉರಿಯುತ್ತಿತ್ತು.

ಕಲೆಸುವ ತೊಟ್ಟಿಯ ಪಕ್ಕದಲ್ಲಿ ಒಂದು ಕಲ್ಲಿನ ಬಾನಿ ಇಡಿಸಿದ್ದರು, ತುಂಬ ತಿಳಿನೀರು. ಅದರಲ್ಲಿ ಕೈ ತೊಳೆಯುವಂತಿಲ್ಲ, ಮುಖಕ್ಕೆ ಎರಚಿಕೊಳ್ಳುವಂತಿಲ್ಲ, ಬೇಸಿಗೆಯಲ್ಲಿ ನಾಲಿಗೆ ಒಣಗಿ ಸತ್ತರೂ ಒಂದು ಲೋಟ ತೆಗೆಯುವಂತಿಲ್ಲ. ಒಮ್ಮೆ ಒಬ್ಬನ ತೋಳಿನ ಮೇಲೆ ಚರ್ಮ ಸುಡುವ ಕಾಸ್ಟಿಕ್ ಬಿತ್ತು. ಒಬ್ಬರು ಹುಣಸೆಹುಳಿ ತರಲು ಓಡಿದರು, ಇನ್ನೊಬ್ಬರು ಎಣ್ಣೆ ತರಲು. ಮಾಸ್ತರು ಅವನ ರಟ್ಟೆ ಹಿಡಿದು ಬಾನಿಯ ಬಳಿ ಎಳೆದು ಕೂರಿಸಿ ತಂಬಿಗೆ ತಂಬಿಗೆ ಸುರಿದರು. "ಹುಳಿ ಬ್ಯಾಡ, ಎಣ್ಣಿ ಬ್ಯಾಡ. ಬರೀ ನೀರು. ಭಾಳ ನೀರು." ಬಾನಿ ಬರಿದಾಗುವವರೆಗೂ ಬಿಡಲಿಲ್ಲ. ಅವನ ತೋಳು ಉಳಿಯಿತು.

ಇಷ್ಟೆಲ್ಲ ಮಾಡಿದರೂ ಕ್ಯಾಂಪಿನಲ್ಲಿ ಅವರನ್ನು ಯಾರೂ ಇಷ್ಟಪಡುತ್ತಿರಲಿಲ್ಲ. ಕಾರಣ ಹಾರೆ. ಯಾವ ಡ್ರಮ್ಮು ಖಾಲಿಯಾಗಲಿ, ಅಂದೇ ಅದರ ತಳಕ್ಕೆ ಹಾರೆ ಹಾಕಿ ಮೂರು ತೂತು ಹೊಡೆಯುತ್ತಿದ್ದರು. ಚೀಲವಾದರೆ ಚಾಕುವಿನಿಂದ ಉದ್ದಕ್ಕೆ ಸೀಳುತ್ತಿದ್ದರು. ನಮ್ಮ ಕಡೆಯ ಊರುಗಳಲ್ಲಿ ಮುಚ್ಚಳವಿರುವ ನೀಲಿ ಡ್ರಮ್ಮು ಎಂದರೆ ಏನೆಂದು ಗೊತ್ತಲ್ಲ. ನಳ ಯಾವ ದಿನ ಬರುತ್ತದೋ ಯಾವ ದಿನ ಇಲ್ಲವೋ. ಡ್ರಮ್ಮಿದ್ದ ಮನೆಯ ಹೆಂಗಸು ನಡು ನೆಟ್ಟಗೆ ಮಾಡಿ ನಿಲ್ಲಬಲ್ಲಳು. ಖಾಲಿ ಡ್ರಮ್ಮು ಒಯ್ಯುವುದು ತಮ್ಮ ಹಕ್ಕೆಂದೇ ಕೆಲಸದವರು ತಿಳಿದಿದ್ದರು. "ಮುದುಕಗ ಮಂದಿ ನೀರು ಕುಡದ್ರ ಹೊಟ್ಟಿ ಉರಿತೈತಿ," ಎಂದು ಅವರೆದುರೇ ಅನ್ನುತ್ತಿದ್ದರು. ಮಾಸ್ತರು ಕೇಳಿಸಿಕೊಂಡು ಮತ್ತೊಂದು ತೂತು ಹೊಡೆಯುತ್ತಿದ್ದರು.

ಇನ್ನೊಂದು ದೂರೂ ಇತ್ತು. ಯಾರ ಮನೆಗೆ ಹೋದರೂ ನೀರು ಕೊಟ್ಟರೆ, "ಎಲ್ಲಿಂದ ತುಂಬಿದ್ರಿ?" ಎಂದು ಕೇಳಿ, ಎದ್ದು ಒಳಗಿಣುಕಿ ನೋಡುತ್ತಿದ್ದರು. ಡ್ರಮ್ಮಿನದಾದರೆ ಕುಡಿಯುತ್ತಿರಲಿಲ್ಲ. ಜನ ಇದನ್ನು ಮಡಿ ಎಂದುಕೊಂಡರು, ಜಾತಿ ನೋಡುತ್ತಾನೆ ಎಂದುಕೊಂಡರು. ಕೆಲವು ಮನೆಯವರಿಗೆ ಅದು ಎದೆಗೆ ನೆಟ್ಟಿತು. ನಾನೂ ಹಾಗೇ ತಿಳಿದಿದ್ದೆ. ಕೇಳಲು ಹೋಗಲಿಲ್ಲ.

ಗುತ್ತಿಗೆದಾರರು ಒಮ್ಮೆ ಎಣ್ಣೆ ಬಾವಿಗಳವರು ಬೇಡವೆಂದು ಬಿಟ್ಟ ಹಳೆ ಮಾಲನ್ನು ಒಂದು ಲಾರಿ ತುಂಬ ತರಿಸಿದರು. ತುಂಬಿದ ಡ್ರಮ್ಮುಗಳ ಜೊತೆ ಖಾಲಿಯವೂ ಬಂದವು. ಒಂದರ ಮುಚ್ಚಳ ತೆರೆದರೆ ಒಳಗೆ ಕೇಸರಿ ಬಣ್ಣದ ಹರಳು, ಕಲ್ಲುಸಕ್ಕರೆಗೆ ಬಣ್ಣ ಹಾಕಿದಷ್ಟು ಚಂದ. ಸೋಡಿಯಂನದೇ ಒಂದು ಜಾತಿ, ಹಿಂದೆ ಕೊಳವೆ ತುಕ್ಕು ಹಿಡಿಯದಿರಲಿ ಎಂದು ರಾಡಿಗೆ ಹಾಕುತ್ತಿದ್ದರಂತೆ. ಮಾಸ್ತರು ಮುಚ್ಚಳ ಮುಚ್ಚಿ, ನಮ್ಮನ್ನೆಲ್ಲ ಕರೆದು, "ಈ ಬಣ್ಣ ನೆಪ್ಪಿಟಗೋರಿ. ಇದು ಹೊಟ್ಟ್ಯಾಗ ಹೋದ್ರ ಮನಷ್ಯಾ ಉಳಿಯಂಗಿಲ್ಲ. ನನ್ನ ಮೂಗು ತಿಂದದ್ದು ಇದ," ಎಂದರು. ಆ ಒಂದು ಸಲ ಮಾತ್ರ ಅವರು ಮೂಗಿನ ವಿಷಯ ನಗದೆ ಹೇಳಿದ್ದು. ತುಂಬಿದವಕ್ಕೆ ಬೀಗ ಹಾಕಿಸಿದರು. ಖಾಲಿಯವಕ್ಕೆ ಒಂದೊಂದಾಗಿ ಹಾರೆ ಹಾಕುತ್ತ ಬಂದರು. ನಾಲ್ಕು ಉಳಿದಿದ್ದಾಗ ಯಾವುದೋ ಸರ್ಕಾರಿ ಕಾಗದಕ್ಕೆಂದು ಲಿಂಗಸುಗೂರಿಗೆ ಹೋಗಬೇಕಾಯಿತು. ಹೋಗುವ ಮುನ್ನ ಸ್ಟೋರು ಹೊಲಸಾಗಿದೆ ಎಂದು ಎಲ್ಲರೆದುರು ನನ್ನನ್ನು ಬೈದು ಹೋದರು.

ಆ ಮಧ್ಯಾಹ್ನ ಹುಲಿಗೆಮ್ಮ ಬಂದಳು. ಕ್ಯಾಂಪಿನಲ್ಲಿ ರೊಟ್ಟಿ ಮಾಡುವವಳು, ಗಂಡ ಇರಲಿಲ್ಲ, ಒಬ್ಬಳೇ ಮಗಳು.

"ಯಪ್ಪಾ, ಮಗಳ ಮದಿವಿ ಐತಿ. ನೀರಿಗೆ ಭಾಳ ತ್ರಾಸ ಐತಿ. ಒಂದು ಡ್ರಮ್ಮು ಕೊಡಪಾ, ಬೀಗರ ಮುಂದ ಮಾನ ಉಳಿತೈತಿ."

"ಮಾಸ್ತರು ಬಂದ್ರ ಬೈತಾರ ಯಕ್ಕಾ."

"ಸ್ಟೋರಿನ ಚಾವಿ ನಿನ್ನ ಕಡೆ ಐತೋ, ಅವನ ಕಡೆ ಐತೋ?"

ಆ ಮಾತು ನನಗೆ ಬೇಕಾಗಿತ್ತು. ಬೈಸಿಕೊಂಡ ಸಿಟ್ಟು ಇನ್ನೂ ಆರಿರಲಿಲ್ಲ. ಮೂಲೆಯಲ್ಲಿದ್ದ ಒಂದು ಡ್ರಮ್ಮು ಉರುಳಿಸಿಕೊಂಡು ಬಂದೆ. ಅದರ ಮೇಲಿನ ಚೀಟಿಯಲ್ಲಿ ತಲೆಬುರುಡೆಯ ಗುರುತಿತ್ತು. ಅದನ್ನು ನೋಡಿ ಆಕೆ ಹೆದರಬಾರದೆಂದು ಒದ್ದೆ ಗೋಣಿತಟ್ಟಿನಿಂದ ತಿಕ್ಕಿ ತಿಕ್ಕಿ ಚೀಟಿ ಕಿತ್ತೆ. ಓದಲಿಲ್ಲ. ಒಳಗೆ ಮೂರು ಸಲ ನೀರು ಹಾಕಿ ಕುಲುಕಿದೆ. ಕೆಲಸದ ಟ್ರ್ಯಾಕ್ಟರಿನಲ್ಲಿ ಅದು ಆಕೆಯ ಊರಿಗೆ ಹೋಯಿತು. ಪುಣ್ಯದ ಕೆಲಸ ಮಾಡಿದೆ ಎಂದು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಮೂರನೇ ದಿನ ಬೆಳಿಗ್ಗೆ ಮಾಸ್ತರು ಬಂದರು. ಖಾಲಿ ಡ್ರಮ್ಮುಗಳ ಮುಂದೆ ನಿಂತು, "ಮೂಲ್ಯಾಗಿದ್ದದ್ದು ಎಲ್ಲಿ?" ಎಂದು ಕೇಳಿದರು.

"ಗೊತ್ತಿಲ್ರಿ ಮಾಸ್ತರ್ರ."

ಅವರು ನನ್ನನ್ನು ನೋಡಲಿಲ್ಲ. ನಾನು ಚೀಟಿ ತೊಳೆದ ಜಾಗಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂತು, ಒಣಗಿ ಮುದುಡಿದ ಕಾಗದದ ಚೂರುಗಳನ್ನು ಆರಿಸಿ ಅಂಗೈಯಲ್ಲಿಟ್ಟು ನೋಡಿದರು. ಜೇಬಿಗೆ ಹಾಕಿಕೊಂಡರು. "ರೊಟ್ಟಿ ಮಾಡಾಕಿ ಎಲ್ಲಿ?"

"ಇವತ್ತ ಆಕಿ ಮಗಳ ಮದಿವಿರಿ."

"ಗಾಡಿ ತಗಿ."

ಮೋಟಾರ್‌ಸೈಕಲ್ಲಿನಲ್ಲಿ ಆ ಊರಿಗೆ ಅರ್ಧ ತಾಸಿನ ದಾರಿ. ಅವರು ಹಿಂದೆ ಕೂತು ಹಾರೆಯನ್ನು ತೊಡೆಯ ಮೇಲೆ ಅಡ್ಡ ಹಿಡಿದಿದ್ದರು.

ಚಪ್ಪರದ ಕೆಳಗೆ ಮದುಮಗಳಿಗೆ ನೀರೆರೆಯುವ ಸುರಗಿ ಶಾಸ್ತ್ರ ನಡೆದಿತ್ತು. ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ತಂಬಿಗೆ, ಸುತ್ತ ನೂಲು, ನಡುವೆ ಅರಿಶಿನ ಬಳಿದುಕೊಂಡು ಕೂತ ಹುಡುಗಿ. ಪಕ್ಕದಲ್ಲಿ ನೀಲಿ ಡ್ರಮ್ಮು, ಸುರಗಿಗೆಂದೇ ಅಂದು ಮೊದಲ ಸಲ ತುಂಬಿದ್ದು, ಬಾಯಿತನಕ ನೀರು. ನೀರಿಗೂ ಅರಿಶಿನ ಹಾಕಿದ್ದರು. ಅರಿಶಿನದ ನೀರಿನಲ್ಲಿ ಆ ಹರಳು ಬಿಡುವ ಹಳದಿ ಯಾರಿಗೆ ಕಾಣಬೇಕು? ಒಂದು ತಂಬಿಗೆ ಆಗಲೇ ಹುಡುಗಿಯ ತಲೆಯ ಮೇಲೆ ಬಿದ್ದಿತ್ತು. ಎರಡನೆಯದನ್ನು ಎತ್ತಿದ ಸೋದರತ್ತೆಯ ಕೈಯನ್ನು ಮಾಸ್ತರು ತಡೆದರು. ಆಮೇಲೆ ಎರಡೂ ಕೈ ಹಾಕಿ ಡ್ರಮ್ಮನ್ನು ಕೆಡವಿದರು. ಸುರಗಿ ನೀರೆಲ್ಲ ಚಪ್ಪರದ ತುಂಬ ಹರಿಯಿತು. ನೂಲು ಹರಿದು ತಂಬಿಗೆಗಳು ಉರುಳಿದವು. ಮಾಸ್ತರು ಬಿದ್ದ ಡ್ರಮ್ಮಿನ ತಳಕ್ಕೆ ಮೂರು ಸಲ ಹಾರೆ ಹೊಡೆದರು.

ಹೆಂಗಸರು ಬಾಯಿ ಬಡಿದುಕೊಂಡರು. ಹುಡುಗಿಯ ಸೋದರಮಾವ ಬಂದು ಮಾಸ್ತರ ಕೆನ್ನೆಗೆ ಹೊಡೆದ. ಟೋಪಿ ನೀರಿನಲ್ಲಿ ಬಿತ್ತು. ಅವರು ಹುಲಿಗೆಮ್ಮನ ಕಡೆ ತಿರುಗಿ, "ಇದನ್ನ ಯಾರು ಕೊಟ್ರವ್ವಾ?" ಎಂದು ಕೇಳಿದರು.

ಹುಲಿಗೆಮ್ಮ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಯಾರೂ ಕೊಟ್ಟಿಲ್ಲ. ನಾನ ತಂದೀನಿ," ಎಂದಳು.

ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಮುಂದೆ ಬಂದು ಕೇಳಿದರು: "ಏನಿತ್ತರಿ ಅದರಾಗ? ವಿಷ ಗಿಷ ಏನರ ಇತ್ತನು?" ಮಾಸ್ತರು ಹುಡುಗಿಯನ್ನು ನೋಡಿದರು. ಆಕೆಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ವಿಷ ಎಂಬ ಮಾತು ಅವರ ಬಾಯಿಂದ ಬಂದಿದ್ದರೆ ಆ ಮದುವೆ ಅಲ್ಲಿಗೇ ಮುರಿಯುತ್ತಿತ್ತು. ವಿಷದ ಸುರಗಿ ಎರೆಸಿಕೊಂಡವಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ?

"ಏನಿಲ್ರಿ," ಎಂದರು ಮಾಸ್ತರು. "ಅರಿವಿ ಒಗಿಯೋ ಸೋಡಾ. ಕಂಪನಿ ಮಾಲು ಕೇಳಲಾರದ ತಂದಾರಂತ ಸಿಟ್ಟು ಬಂತು. ನಂದು ತಪ್ಪಾತು." ಎಲ್ಲರ ಮುಂದೆ ಕೈ ಮುಗಿದರು. ಆಮೇಲೆ, "ನನ್ನ ಕೈಲೆ ಅಪಶಕುನ ಆತು. ಭಾವಿ ನೀರು ತಂದು ಹುಡುಗಿಗೆ ಇಪ್ಪತ್ತೊಂದು ಕೊಡ ಎರೀರಿ. ಒಂದೂ ಕಡಿಮಿ ಆಗಬಾರದು. ಕಣ್ಣು ಬಾಯಿ ಮುಚ್ಚಿಸಿ ಎರೀರಿ. ದೋಷ ಹೋಗತೈತಿ," ಎಂದರು.

ಜನ ಅವರನ್ನು ಬೈಯುತ್ತಲೇ ಇಪ್ಪತ್ತೊಂದು ಕೊಡ ಎರೆದರು. ಮಾಸ್ತರು ಚಪ್ಪರದಾಚೆ ನಿಂತು ಒಂದೊಂದೇ ಎಣಿಸಿದರು. ಬರೀ ನೀರು, ಭಾಳ ನೀರು. ಅದು ಶಾಸ್ತ್ರವಲ್ಲವೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಬರುವಾಗ ಡ್ರಮ್ಮಿನ ಮುಚ್ಚಳ ಮಾತ್ರ ತಂದಿದ್ದರು. ಕಾಲುವೆಯ ಸೇತುವೆ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಮುಚ್ಚಳದ ಅಂಚಿನ ಸಂದಿಯಲ್ಲಿ ಉಗುರು ಹಾಕಿ ಎಳೆದು ತೋರಿಸಿದರು. ಉಗುರಿನಲ್ಲಿ ಕೇಸರಿ ಬಣ್ಣದ ಕೊಳೆ. ಅದನ್ನು ಕರವಸ್ತ್ರಕ್ಕೆ ಒರೆಸಿ ಮಡಚಿಟ್ಟುಕೊಂಡರು. ಆಮೇಲೆ ಮಾತು ತೆಗೆದರು.

"ನನಗೊಬ್ಬಾಕಿ ಅಕ್ಕ ಇದ್ಲು. ಸಿಂಧನೂರ ಆಚಿಗೆ ಕೊಟ್ಟಿದ್ವಿ. ಕಾಲವಿ ನೀರು ಹೊತ್ತು ಹೊತ್ತು ನಡಾ ಬಿದ್ದಿತ್ತು. ಒಂದು ವರ್ಷ ಪಂಚಮಿಗೆ ಸೀರಿ ಒಯ್ಯಲಿಲ್ಲ, ಇಂಥಾದ್ದೊಂದು ಡ್ರಮ್ಮು ಒಯ್ದೆ. ಅಷ್ಟು ದೂರದಿಂದ ಬಸ್ಸಿನ ಟಾಪಿನ ಮ್ಯಾಲೆ ಹಾಕ್ಕೊಂಡು ತಂದೆ. ಓಣಿ ಮಂದೀನೆಲ್ಲ ಕರದು ತೋರಿಸ್ಯಾಳ, ತಮ್ಮ ತಂದಾನಂತ. ಬೂದಿ ಹಾಕಿ ತೊಳದಾಳ. ಕಾಲವಿ ನೀರು ಮೊದಲ ಕೆಂಪು, ಬಣ್ಣ ಹ್ಯಾಂಗ ತಿಳಿಬೇಕು? ಮೈಯಾಗ ನೀರು ಕಟ್ಟಿ, ಮಾರಿ ಬಾತು, ಹನ್ನೆರಡನೇ ದಿನಕ್ಕ ಹೋದ್ಲು. ಮಣ್ಣು ಕೊಟ್ಟು ಬಂದು ಡ್ರಮ್ಮಿನ ತಳ ನೋಡಿದೆ. ಮಾವ ಗಾಳಿ ಬಡಿತು ಅಂದ. ನಾನೂ ಹೌದಂದೆ."

ಕಾಲುವೆ ತುಂಬಿ ಹರಿಯುತ್ತಿತ್ತು. ಅವರು ನನ್ನ ಕಡೆ ತಿರುಗಿದರು.

"ಇವತ್ತಿನತನಕ ಯಾರ ಮುಂದೂ ಹೇಳಿಲ್ಲ ತಮ್ಮಾ. ನಿನ್ನ ಮುಂದ ಹೇಳೀನಿ. ನೀ ಏನರ ಹೇಳೂದೈತೇನು?"

ಅವರ ಜೇಬಿನಲ್ಲಿ ಚೀಟಿಯ ಚೂರುಗಳಿದ್ದವು. ಗೊತ್ತಿದ್ದೇ ಕೇಳುತ್ತಿದ್ದರು. ನನಗೂ ಅದು ಗೊತ್ತಾಯಿತು. ಆದರೂ, "ಏನಿಲ್ರಿ," ಎಂದು ಗಾಡಿಗೆ ಕಿಕ್ ಹೊಡೆದೆ.

ಮರುದಿನ ಆ ಊರಿನವರು ಕ್ಯಾಂಪಿಗೆ ಬಂದು ಗಲಾಟೆ ಮಾಡಿದರು. ಗುತ್ತಿಗೆದಾರರು ಮಾಸ್ತರನ್ನು ಕೆಲಸದಿಂದ ಬಿಡಿಸಿದರು. ಹುಲಿಗೆಮ್ಮನನ್ನೂ ಬಿಡಿಸಿದರು. ರಿಜಿಸ್ಟರಿನಲ್ಲಿ 'ಖಾಲಿ ಡ್ರಮ್ಮು ಒಂದು, ಕಳವು' ಎಂದು ಬರೆದವನು ನಾನೇ, ಗುಂಡಾದ ಅಕ್ಷರದಲ್ಲಿ. ಮಾಸ್ತರು ಹೊರಡುವಾಗ ಹಾರೆಯನ್ನು ಸ್ಟೋರಿಗೆ ತಂದು ಒಪ್ಪಿಸಿ, "ಇನ್ನ ಮೂರು ಉಳಿದಾವು, ನೆಪ್ಪಲೆ ಹೊಡಿ," ಎಂದರು. ಆ ಮೂರಕ್ಕೆ ನಾನು ತೂತು ಹೊಡೆದೆ. ನನ್ನ ಬಗ್ಗೆ ಒಳ್ಳೆಯ ಮಾತು ಹೇಳಬೇಕೆಂದರೆ ಅದೊಂದೇ ಇದೆ.

ಇದಾಗಿ ಎಂಟು ವರ್ಷ. ಕಳೆದ ವಾರ ನಾನು ಮಸ್ಕಿ ಮುಟ್ಟುವ ಹೊತ್ತಿಗೆ ಅವರನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿದ್ದರು. ಹತ್ತಿಪ್ಪತ್ತು ಜನರೂ ಇರಲಿಲ್ಲ. ಹೆಣಕ್ಕೆ ಜಳಕ ಮಾಡಿಸಲು ನೀರು ಸಾಲದೆ ನಿಂತಿದ್ದರು. ಆ ಮನೆಯಲ್ಲಿ ಇದ್ದದ್ದು ಎರಡು ಮಣ್ಣಿನ ಹರವಿ, ಮೂರು ಕೊಡ. ನಳ ಬಂದು ನಾಲ್ಕು ದಿನವಾಗಿತ್ತಂತೆ. "ಕಾಕಾ ಒಂದು ಡ್ರಮ್ಮು ಇಡಾಕ ಬಿಡಲಿಲ್ಲರಿ," ಎಂದು ಅಣ್ಣನ ಮಗ ನಾಚಿಕೆಯಿಂದ ಹೇಳಿದ.

ಪಕ್ಕದ ಮನೆಯವರು ತಳ್ಳುಬಂಡಿಯಲ್ಲಿ ತುಂಬಿದ ನೀಲಿ ಡ್ರಮ್ಮು ತಂದರು. ನನ್ನ ಕೈ ತಾನಾಗಿಯೇ ಅದರ ಮೇಲೆ ಹೋಯಿತು.

"ಇದರಾಗ ಮೊದಲ ಏನಿತ್ತರಿ?"

"ಯಾರಿಗೆ ಗೊತ್ತು? ಸಂತ್ಯಾಗ ತಂದದ್ದು. ನಾವು ಕುಡಿಯಾಕತ್ತೀವಲ್ಲ."

"ಈ ನೀರು ಬ್ಯಾಡ್ರಿ."

"ಹೆಣಕ್ಕ ಏನಾಗತೈತ್ರೀ ಯಪ್ಪಾ?" ಎಂದು ಯಾರೋ ಅಂದರು. ಯಾರೋ ನಕ್ಕರು ಕೂಡ. ಆಗ ಗೋಡೆಯ ನೆರಳಿನಿಂದ ಒಂದು ದನಿ ಬಂತು.

"ನೀನೂ ಅವನಂಗ ಸುರು ಹಚ್ಚಿದೆನಪಾ?"

ಹುಲಿಗೆಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೇ ಮಗಳನ್ನು ಮಸ್ಕಿಗೇ ಕೊಟ್ಟಿದ್ದರು, ಮಗಳ ಮನೆಯಲ್ಲಿದ್ದಳು. ಮೊಮ್ಮಗಳ ಕೈ ಹಿಡಿದು ಬಂದಿದ್ದಳು. "ಬರೀ ಅರಿವಿ ಸೋಡಾಕ್ಕ ನನ್ನ ಮಗಳ ಸುರಗಿ ನೀರು ಚೆಲ್ಲಿದ. ಹೋಗಲಿ, ಸತ್ತಮ್ಯಾಲೆ ಸಿಟ್ಟು ಯಾಕಂತ ಬಂದೀನಿ. ಎರೀರಿ ಅತ್ತಾಗ, ಬಿಸಿಲು ಏರಾಕತ್ತೈತಿ."

ನನಗೆ ಕಾಲುವೆಯ ಸೇತುವೆ ನೆನಪಾಯಿತು. ಏನಾದರೂ ಹೇಳುವುದಿದೆಯಾ ಎಂದು ಕೇಳಿದವರು ಕಲ್ಲಿನ ಮೇಲೆ ತಲೆ ವಾಲಿಸಿ ಕೂತಿದ್ದರು. ಮೂಗಿಗೆ ಹತ್ತಿ ತುರುಕಿದ್ದರು.

"ಅದು ಸೋಡಾ ಅಲ್ಲ ಯಕ್ಕಾ," ಎಂದೆ. ದನಿ ಸಣ್ಣದಾಗಿ ಬಂತು, ಮತ್ತೆ ಹೇಳಿದೆ. "ಸೋಡಾ ಅಲ್ಲ. ವಿಷ ಇತ್ತು. ಚೀಟಿ ಕಿತ್ತು ಕೊಟ್ಟಾವ ನಾನು. ನಿನ್ನ ಮಗಳ ಮದಿವಿ ಮುರಿಬಾರದಂತ ಅವರು ಸೋಡಾ ಅಂದ್ರು. ಆ ಇಪ್ಪತ್ತೊಂದು ಕೊಡ ಅದನ್ನ ತೊಳಿಯಾಕ."

ಹುಲಿಗೆಮ್ಮ ಮೊಮ್ಮಗಳ ಕೈ ಬಿಟ್ಟಳು. ಮಾಸ್ತರ ಹತ್ತಿರ ಹೋಗಿ ಅವರ ಮುಖ ನೋಡುತ್ತ ನಿಂತಳು.

"ಎಂಟು ವರ್ಷ ಸಂತ್ಯಾಗ ಎದುರಿಗೆ ಬಂದ್ರ ಉಗುಳಿ ಹೋಗೀನಿ," ಎಂದಳು. ಆಕೆ ಹೇಳಿದ್ದು ಅವರಿಗೆ, ನನಗಲ್ಲ. "ಆರಾಮ ಅದಾಳೇನವ್ವಾ ಮಗಳು ಅಂತ ಕೇಳತಿದ್ದ. ಉಗುಳತಿದ್ದೆ. ಮತ್ತ ಮುಂದಿನ ಸಂತಿಗೂ ಕೇಳತಿದ್ದ." ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಕೇಳಿದಳು: "ನಿನಗ ಗೊತ್ತಿತ್ತು. ಮತ್ತ ನೀ ಯಾಕ ಸುಮ್ಮಕಿದ್ದಿ?"

ನಾನು ಡ್ರಮ್ಮಿನ ಮೇಲಿಂದ ಕೈ ತೆಗೆದೆ.

ಆಕೆ ಉತ್ತರಕ್ಕೆ ಕಾಯಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಓಣಿಯ ತುದಿಯ ಬೋರಿಂಗಿಗೆ ಹೊರಟಳು. ನಾನು ಹಿಂದೆ ಹೋಗಿ ಹಿಡಿಕೆ ಒತ್ತಿದೆ. ಕೊಡ ತುಂಬಿದಾಗ ಎತ್ತಿಕೊಡಲು ಬಗ್ಗಿದರೆ ನನ್ನ ಕೈ ಸರಿಸಿ ತಾನೇ ಎತ್ತಿಕೊಂಡಳು. ಆ ವಯಸ್ಸಿನಲ್ಲಿ, ಆ ಬಿಸಿಲಲ್ಲಿ, ಹೋಗಿ ಸುರಿದು ಮತ್ತೆ ಬಂದಳು. ಇಪ್ಪತ್ತೊಂದು ಕೊಡ ಆಗುವತನಕ ಆಕೆ ನನ್ನ ಮುಖ ನೋಡಲಿಲ್ಲ.